ಎಡಗೂಡಿನ ದೀಪ

"ಗುರುಗಳೇ, ಜನರೇ ಮೆಚ್ಚದ ಮೇಲೆ ಜನರ ಪರವಾಗಿ ಮಾತಾಡುವ ಅಧಿಕಾರ ನನಗೆಲ್ಲಿದೆ?" ಎಂದು ಮರಿದೇವ ಕೇಳಿದ.

ಮರಿದೇವ ಚಿಕ್ಕಂದಿನಲ್ಲಿ ಆ ಗುರುಗಳ ಬಳಿ ಓದಿದವನು. ಈಗ ನಾಡಿನ ವಿರೋಧ ಪಕ್ಷದ ನಾಯಕ. ಆ ವಾರ ಪತ್ರಿಕೆಯೊಂದು ಜನಾಭಿಪ್ರಾಯ ಸಮೀಕ್ಷೆ ಪ್ರಕಟಿಸಿತ್ತು. ವಿರೋಧ ಪಕ್ಷದ ನಾಯಕನ ಕೆಲಸ ನಿಮಗೆ ಒಪ್ಪಿಗೆಯೇ ಎಂಬ ಪ್ರಶ್ನೆಗೆ ನೂರರಲ್ಲಿ ಹತ್ತೊಂಬತ್ತು ಜನ ಮಾತ್ರ ಹೌದು ಎಂದಿದ್ದರು. ಹೋದ ವರ್ಷ ಮೂವತ್ತನಾಲ್ಕು ಜನ ಹಾಗೆ ಎಂದಿದ್ದರು. ಪಕ್ಷದವರು ಎದುರಿಗೆ ಸಮಾಧಾನ ಹೇಳುತ್ತ, ಬೆನ್ನ ಹಿಂದೆ ಬೇರೆ ಹೆಸರು ಹುಡುಕುತ್ತಿದ್ದರು. ಮರುದಿನ ಪಕ್ಷದ ಸಭೆ. ಅವರು ಕೇಳುವ ಮೊದಲೇ ಸ್ಥಾನ ಬಿಡುತ್ತೇನೆ ಎಂದು ಹೇಳಿಬಿಡುವುದೆಂದು ಮರಿದೇವ ಅರ್ಧ ನಿರ್ಧರಿಸಿದ್ದ. ಉಳಿದರ್ಧಕ್ಕಾಗಿ ಗುರುಗಳ ಬಳಿ ಬಂದಿದ್ದ.

"ಹತ್ತೊಂಬತ್ತು," ಎಂದರು ಗುರುಗಳು. "ಗಣಿತದಲ್ಲಿ ನೀನು ತೆಗೆಯುತ್ತಿದ್ದದ್ದಕ್ಕಿಂತ ಹೆಚ್ಚೇ ಇದೆ. ಆಗ ನೀನು ಶಾಲೆ ಬಿಡಲಿಲ್ಲ."

ಮರಿದೇವ ನಗಲಿಲ್ಲ. ಅವನಿಗೆ ನಿಜವಾಗಿಯೂ ನೋವಾಗಿದೆ ಎಂದು ಗುರುಗಳಿಗೆ ತಿಳಿಯಿತು. ಅವರು ತಮಾಷೆ ಬಿಟ್ಟು, ಗೋಡೆಗೆ ಒರಗಿ ಕುಳಿತು, ಈ ಕತೆ ಹೇಳಿದರು.

ಒಂದು ಊರಿತ್ತು. ಆ ಊರಿಗೆ ಒಬ್ಬ ಯಜಮಾನ. ಅವನನ್ನು ಊರಿನವರೇ ಸೇರಿ ಆರಿಸುತ್ತಿದ್ದರು. ಇಬ್ಬರು ನಿಂತರೆ ಒಬ್ಬ ಗೆಲ್ಲುತ್ತಾನೆ, ಒಬ್ಬ ಸೋಲುತ್ತಾನೆ. ಅದು ಎಲ್ಲ ಊರಿನಲ್ಲೂ ಇರುವುದೇ. ಆದರೆ ಸೋತವನನ್ನು ಮನೆಗೆ ಕಳಿಸುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ. ಚಾವಡಿಯಲ್ಲಿ ಎದುರುಬದುರಾಗಿ ಎರಡು ಕಲ್ಲುಕಂಬಗಳಿದ್ದವು. ಗೆದ್ದವನು ಒಂದಕ್ಕೆ ಒರಗಿ ಕೂರುತ್ತಿದ್ದ. ಸೋತವನು ಇನ್ನೊಂದಕ್ಕೆ ಒರಗಿ ಕೂರಬೇಕಾಗಿತ್ತು. ಮುಂದಿನ ಆಯ್ಕೆಯವರೆಗೆ ಆ ಕಂಬ ಅವನದು. ಊರಿನವರು ಅವನನ್ನು ಎದುರುಗಂಬದವನು ಎನ್ನುತ್ತಿದ್ದರು.

ಎದುರುಗಂಬದವನಿಗೆ ಇದ್ದದ್ದು ಒಂದೇ ಕೆಲಸ. ಯಜಮಾನ ಒಂದು ಅಪ್ಪಣೆ ಹೇಳಿದ ಮೇಲೆ, ಡಂಗುರದವನು ಕೋಲು ಎತ್ತುವ ಮೊದಲು, ಅವನು ಒಂದು ಪ್ರಶ್ನೆ ಕೇಳಬೇಕು: "ಇದರಿಂದ ನೋಯುವವರು ಯಾರು?" ಯಜಮಾನ ಅದಕ್ಕೆ ಉತ್ತರ ಕೊಡಬೇಕು. ಉತ್ತರ ಸರಿ ಬಾರದಿದ್ದರೆ ಆ ಅಪ್ಪಣೆ ಮುಂದಿನ ಸಭೆಗೆ ಹೋಗುತ್ತಿತ್ತು. ಅವನ ಅಧಿಕಾರ ಅಷ್ಟೇ. ಕೊಡುವುದಕ್ಕೆ ಅವನ ಕೈಯಲ್ಲಿ ಏನೂ ಇರಲಿಲ್ಲ. ನೀರಿನ ಸರದಿ, ಮನೆ ಕಟ್ಟುವ ಜಾಗ, ತೋಪಿನ ಸೌದೆ, ಎಲ್ಲವೂ ಯಜಮಾನನ ಕೈಯಲ್ಲಿದ್ದವು.

ಆ ಊರಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಪ್ರತಿ ಮನೆಯ ಬೀದಿಬಾಗಿಲ ಎರಡು ಬದಿಗೆ ಎರಡು ಗೂಡುಗಳು. ಅಮಾವಾಸ್ಯೆಯ ಸಂಜೆ ಪ್ರತಿ ಮನೆಯವರೂ ಒಂದೇ ಒಂದು ಹಣತೆ ಹಚ್ಚಿಡಬೇಕು. ಯಜಮಾನನ ನಡೆ ಮೆಚ್ಚಿದವರು ಬಲಗೂಡಿನಲ್ಲಿ, ಎದುರುಗಂಬದವನ ನಡೆ ಮೆಚ್ಚಿದವರು ಎಡಗೂಡಿನಲ್ಲಿ. ಹಿಂದಿನವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಬಾಯಿಬಿಟ್ಟು ಹೇಳಿದರೆ ಜಗಳ, ದೀಪ ಇಟ್ಟರೆ ಜಗಳವಿಲ್ಲ. ಬೀದಿಯಲ್ಲಿ ಒಮ್ಮೆ ನಡೆದು ಬಂದರೆ ಊರಿನ ಮನಸ್ಸು ತಿಳಿಯುತ್ತದೆ ಎಂದು ಎಲ್ಲರೂ ನಂಬಿದ್ದರು.

ಒಂದು ಸಲ ಒಬ್ಬ ರೈತ ಯಜಮಾನಿಕೆಗೆ ನಿಂತು ಸೋತ. ಎದುರುಗಂಬಕ್ಕೆ ಒರಗಿ ಕುಳಿತ.

ಅವನು ನೇರ ಮಾತಿನವನು. ಮಾತು ನೇರವಾಗಿದ್ದರೂ ಮನಸ್ಸು ಮೆತ್ತಗೆ. ಅವನು ಹಿತ್ತಲಲ್ಲಿ ಎತ್ತು ತೊಳೆಯುತ್ತಿರುವಾಗ ಯಾರಾದರೂ ಬೇಲಿಯ ಸಂದಿಯಿಂದ ಬರುತ್ತಿದ್ದರು. ಒಂದು ದಿನ ಅಗಸ, ಒಂದು ದಿನ ಗಾಣಿಗ, ಒಂದು ದಿನ ಕುಂಬಾರಗಿತ್ತಿ. ತಮ್ಮ ಕಷ್ಟ ಹೇಳಿಕೊಂಡು, ಬಂದ ದಾರಿಯಲ್ಲೇ ಹೋಗುತ್ತಿದ್ದರು. "ನಾನು ಹೇಳಿದೆ ಅಂತ ಹೇಳಬೇಡಿ" ಎಂದು ಎಲ್ಲರೂ ಹೇಳುತ್ತಿದ್ದರು. ಅವನು ಹೇಳುತ್ತಿರಲಿಲ್ಲ. ಚಾವಡಿಯಲ್ಲಿ ಪ್ರಶ್ನೆ ಕೇಳುವಾಗ ಆ ಕಷ್ಟ ತನ್ನದೇ ಎಂಬ ಹಾಗೆ ಕೇಳುತ್ತಿದ್ದ.

ಮೊದಮೊದಲು ಊರಿನ ಮೂರರಲ್ಲಿ ಒಂದು ಪಾಲು ದೀಪ ಎಡಗೂಡಿನಲ್ಲಿ ಇರುತ್ತಿತ್ತಂತೆ. ಅಂತೆ ಎಂದೆ, ಏಕೆಂದರೆ ಅವನು ಹೋಗಿ ನೋಡಿದವನಲ್ಲ. ಅಮಾವಾಸ್ಯೆಯ ಸಂಜೆ ಅವನು ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದ. ದೀಪ ಇಡುವುದು ಹೆಂಡತಿಯ ಕೆಲಸ.

ಆ ವರ್ಷ ಯಜಮಾನ ಊರಿಗೊಂದು ಕಲ್ಲಿನ ಹೆಬ್ಬಾಗಿಲು ಕಟ್ಟಿಸುವ ಅಪ್ಪಣೆ ಹೇಳಿದ. ಊರಿಗೆ ಊರೇ ಕುಣಿಯಿತು. ಪಕ್ಕದ ಊರಿಗೆ ಹೆಬ್ಬಾಗಿಲು ಇತ್ತು, ಇವರಿಗೆ ಇರಲಿಲ್ಲ. ಎದುರುಗಂಬದವನು ಮಾತ್ರ ತನ್ನ ಪ್ರಶ್ನೆ ಕೇಳಿದ. ಹೆಬ್ಬಾಗಿಲಿನಿಂದ ನೋಯುವವರು ಯಾರಿದ್ದಾರೆ ಎಂದು ಯಜಮಾನ ನಕ್ಕ. "ಹುಲ್ಲು ತುಂಬಿದ ಗಾಡಿ ಅದರ ಕೆಳಗೆ ಹಾಯುತ್ತದೆಯೇ?" ಎಂದು ಇವನು ಕೇಳಿದ. ಯಾರೂ ಅದನ್ನು ಯೋಚಿಸಿರಲಿಲ್ಲ. ಉತ್ತರ ಬರಲಿಲ್ಲ. ಅಪ್ಪಣೆ ಮುಂದಿನ ಸಭೆಗೆ ಹೋಯಿತು.

ಊರಿಗೆ ಸಿಟ್ಟು ಬಂತು. ಒಳ್ಳೆಯ ಕೆಲಸಕ್ಕೆ ಅಡ್ಡಗಾಲು ಹಾಕುವವನು ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದರು. ಯಾರು ಎತ್ತು, ಯಾರು ಕೋಣ ಎಂದು ಬಿಡಿಸಿ ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಮುಂದಿನ ಸಭೆಯಲ್ಲಿ ಯಜಮಾನ ಹೆಬ್ಬಾಗಿಲನ್ನು ಎತ್ತರಿಸಿ ಕಟ್ಟಿಸುತ್ತೇನೆ ಎಂದ. ಹಾಗೆಯೇ ಕಟ್ಟಿಸಿದ. ಸುಗ್ಗಿಯಲ್ಲಿ ಹುಲ್ಲಿನ ಗಾಡಿಗಳು ಸಲೀಸಾಗಿ ಒಳಗೆ ಬಂದವು. ನಮ್ಮ ಯಜಮಾನನಿಗೆ ಎಂಥ ದೂರದೃಷ್ಟಿ ಎಂದು ಗಾಡಿಯವರೆಲ್ಲ ಕೊಂಡಾಡಿದರು.

ಕೆರೆಯ ವಿಷಯದಲ್ಲೂ ಹಾಗೆಯೇ ಆಯಿತು. ಮೆಟ್ಟಿಲಲ್ಲಿ ಬಟ್ಟೆ ಒಗೆಯಬಾರದು ಎಂದು ಅಪ್ಪಣೆ ಬಂತು. ಹಾಗಾದರೆ ಅಗಸರು ಎಲ್ಲಿ ಒಗೆಯಬೇಕು ಎಂದು ಇವನು ಕೇಳಿದ. ಅಪ್ಪಣೆ ಮುಂದಕ್ಕೆ ಹೋಯಿತು. ಕುಡಿಯುವ ನೀರಿಗೆ ಅಡ್ಡ ಬಂದವನು ಎಂದು ಹೆಂಗಸರು ಶಾಪ ಹಾಕಿದರು. ಆಮೇಲೆ ಯಜಮಾನ ಕೆರೆಯ ಕೆಳಗೆ ಅಗಸರಿಗೆಂದೇ ಒಗೆಯುವ ಕಲ್ಲು ಹಾಕಿಸಿದ. ಅಗಸರು ಯಜಮಾನನ ಮನೆಗೆ ಬಾಳೆಗೊನೆ ಹೊತ್ತುಕೊಂಡು ಹೋದರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎನ್ನುತ್ತಾರಲ್ಲ, ಹಾಗೆ.

ಇಷ್ಟಾದರೂ ಅವನು ಚೆನ್ನಾಗಿಯೇ ಇದ್ದ. ಕೆಟ್ಟದ್ದು ಅವನ ಭಾವಮೈದುನನಿಂದ. ಭಾವಮೈದುನ ಹಬ್ಬಕ್ಕೆ ಬಂದವನು ಊಟದ ಎಲೆಯ ಮುಂದೆ, "ಏನು ಭಾವ, ನಿಮಗೆ ದೀಪ ತೀರಾ ಕಮ್ಮಿ ಆಗಿವೆಯಂತೆ? ಊರೆಲ್ಲ ಆಡಿಕೊಳ್ತಿದೆ" ಎಂದ. ಅದು ಅಮಾವಾಸ್ಯೆಯ ಸಂಜೆ. ಅವನು ಕೈ ತೊಳೆದು ಹೊರಗೆ ಬಂದ. ಮೊದಲ ಸಲ ಬೀದಿಯಲ್ಲಿ ದೀಪ ನೋಡುತ್ತ ನಡೆದ.

ಅವನಿಗೆ ಪ್ರತಿ ಮನೆಯೂ ಗೊತ್ತಿತ್ತು. ಪ್ರತಿ ಮನೆಯ ಕಷ್ಟವೂ ಗೊತ್ತಿತ್ತು. ಇದು ಅಗಸನ ಮನೆ, ದೀಪ ಬಲಗೂಡಿನಲ್ಲಿ. ಇದು ಗಂಡ ಸತ್ತವಳ ಮನೆ, ಅವಳ ಹೊಲದ ನೀರಿನ ಸರದಿಗಾಗಿ ಇವನು ಎರಡು ಸಭೆ ಬಡಿದಾಡಿದ್ದ, ದೀಪ ಬಲಗೂಡಿನಲ್ಲಿ. ಹುಲ್ಲಿನ ಗಾಡಿಯವರ ಕೇರಿ, ಸಾಲಾಗಿ ಬಲಗೂಡು. ಕುಂಬಾರರ ಕೇರಿ, ಅಲ್ಲಿಯೂ ಬಲಗೂಡು. ಎಡಗೂಡಿನ ದೀಪಗಳು ಅಲ್ಲೊಂದು ಇಲ್ಲೊಂದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ದೀಪ ಬೈಯುವುದಿಲ್ಲ, ಸುಮ್ಮನೆ ಉರಿಯುತ್ತದೆ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು, "ಅನ್ನ ಆರಿಹೋಯ್ತು, ಬನ್ನಿ. ಬೇರೆಯವರ ಮನೆ ಎಣ್ಣೆ ಲೆಕ್ಕ ನಮಗ್ಯಾಕೆ?" ಎಂದಳು. ಅವಳು ಹೇಳಿದ್ದು ಸರಿ. ಆದರೆ ಒಮ್ಮೆ ಎಣಿಸಿದವನಿಗೆ ಎಣಿಸದೆ ಇರುವುದು ಕಷ್ಟ. ಅದು ನಿನಗೆ ನಾನು ಹೇಳಬೇಕಾಗಿಲ್ಲ, ಮರಿದೇವ.

ಮುಂದಿನ ಸಭೆಯಲ್ಲಿ ಅವನು ದನಿ ತಗ್ಗಿಸಿದ. ಪ್ರಶ್ನೆ ಕೇಳಿದ, ಆದರೆ ನಗುತ್ತ ಕೇಳಿದ. ಯಾರಿಗೂ ನೋವಿಲ್ಲ ಎಂದು ಯಜಮಾನ ಅಂದ. ಇವನು ತಲೆಯಾಡಿಸಿದ. ಈಗ ಮನುಷ್ಯನಾದ ಎಂದು ಜನ ಮೆಚ್ಚಿಕೊಂಡರು. ಅಮಾವಾಸ್ಯೆ ಬಂತು. ಅವನು ಆಸೆಯಿಂದ ಬೀದಿಗೆ ಹೋದ. ಎಡಗೂಡಿನ ದೀಪಗಳು ಇನ್ನೂ ಕಡಿಮೆಯಾಗಿದ್ದವು. ಮೊದಲಿನಿಂದ ಅವನಿಗೆ ದೀಪ ಇಡುತ್ತಿದ್ದ ಮುದುಕನೊಬ್ಬನನ್ನು ತಡೆಯಲಾರದೆ ಕೇಳಿಯೇಬಿಟ್ಟ. "ನೀನೂ ಅವನ ಹಾಗೇ ಮಾತಾಡೋದಾದ್ರೆ ಅವನಿಗೇ ಇಟ್ಟರಾಯ್ತಲ್ಲಪ್ಪ. ಅವನು ಸೌದೆನಾದ್ರೂ ಕೊಡ್ತಾನೆ," ಎಂದ ಮುದುಕ.

ಸರಿ, ಅದಾದ ಮೇಲೆ ದನಿ ಏರಿಸಿದ. ಯಜಮಾನ ಏನೇ ಹೇಳಲಿ, ಸಿಡಿದು ಬೀಳುವುದು. ಬಾವಿಗೆ ಹೊಸ ಹಗ್ಗ ತರುವ ಮಾತು ಬಂದಾಗಲೂ, "ಇದರಿಂದ ನೋಯುವವರು ಯಾರು?" ಎಂದು ಗುಡುಗಿದ. "ಹಳೇ ಹಗ್ಗ!" ಎಂದ ಯಾರೋ ಹಿಂದಿನಿಂದ. ಚಾವಡಿಗೆ ಚಾವಡಿಯೇ ನಕ್ಕಿತು. ಅವನ ಕಿವಿ ಬಿಸಿಯಾಯಿತು. ಸಾರಿಗೆ ಒಮ್ಮೆ ಉಪ್ಪು ಹೆಚ್ಚಾಯಿತೆಂದು ನೀರು ಸುರಿದು, ಸಪ್ಪೆಯಾಯಿತೆಂದು ಮತ್ತೆ ಉಪ್ಪು ಸುರಿಯುವ ಅಡುಗೆಯವನ ಪಾಡು ಅವನದಾಯಿತು. ನಿನ್ನ ಕಚೇರಿಯಲ್ಲಿ ದನಿ ಏರಿಸು, ದನಿ ತಗ್ಗಿಸು ಎಂದು ಹೇಳಿಕೊಡುವವರನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದೀಯಂತೆ. ಪಾಪ, ಅವನಿಗೆ ಅಂಥವರು ಯಾರೂ ಇರಲಿಲ್ಲ. ಅಷ್ಟನ್ನೂ ತಾನೇ ಮಾಡಿಕೊಂಡ.

ಆ ಅಮಾವಾಸ್ಯೆಯ ಸಂಜೆ ಇಡೀ ಊರಿನಲ್ಲಿ ಎಡಗೂಡಿನಲ್ಲಿ ಉರಿದದ್ದು ಒಂದೇ ದೀಪ. ಅದು ಅವನ ಮನೆಯದು. ಅದನ್ನೂ ಅವನ ಹೆಂಡತಿ ಇಟ್ಟದ್ದು.

ಮರುದಿನ ಅವನು ಚಾವಡಿಗೆ ಹೋದ. ಕೂರಲಿಲ್ಲ. "ನಾನು ಕೇಳೋದು ಊರಿಗೆ ಬೇಡ. ಬೇಡದವನು ಇಲ್ಲಿ ಕೂರೋದೂ ಬೇಡ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಯಜಮಾನ ಕೆಟ್ಟವನಲ್ಲ. ಒಂದು ಸಲ "ಇರಪ್ಪ, ಕೂತ್ಕೋ" ಎಂದ. ಎರಡನೆಯ ಸಲ ಅನ್ನಲಿಲ್ಲ. ರೈತ ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಮನೆಗೆ ಬಂದ.

ಎದುರುಗಂಬ ಖಾಲಿ ಇರಬಾರದೆಂಬುದು ಕಟ್ಟಳೆ. ಪ್ರಶ್ನೆ ಕೇಳದೆ ಡಂಗುರ ಹೊಡೆಯುವಂತಿಲ್ಲ. ಕಂಬದ ಒಡೆಯ ಮರಳಿ ಬರುವ ತನಕ ಬೇರೊಬ್ಬನನ್ನು ಕೂರಿಸಬಹುದು ಎಂದು ಹಿರಿಯರು ಹೇಳಿದರು. ಯಜಮಾನ ತನ್ನ ಷಡ್ಡಕನನ್ನೇ ಕೂರಿಸಿದ. ಷಡ್ಡಕ ಒಳ್ಳೆಯ ಮಾತುಗಾರ. ಮನೆಯಿಂದ ದಿಂಬು ತಂದು ಕಂಬಕ್ಕೆ ಒತ್ತಿಟ್ಟುಕೊಂಡು, ಎಲೆ ಅಡಿಕೆ ಜಗಿಯುತ್ತ, "ನೋಯುವವರು ಯಾರೂ ಇಲ್ಲ ತಾನೆ?" ಎಂದು ಕೇಳುತ್ತಿದ್ದ. ಪ್ರಶ್ನೆಯ ಒಳಗೇ ಉತ್ತರ ಇತ್ತು. ಸಭೆ ಬೇಗ ಮುಗಿಯುತ್ತಿತ್ತು. ಎಲ್ಲರೂ ನಗುನಗುತ್ತ ಮನೆಗೆ ಹೋಗುತ್ತಿದ್ದರು.

ಆಮೇಲಿನ ಅಮಾವಾಸ್ಯೆಗೆ ಏನಾಯಿತು ಗೊತ್ತೇ? ಊರಿನ ಅರ್ಧ ದೀಪ ಎಡಗೂಡಿಗೆ ಬಂದವು. ಬಲಕ್ಕೂ ದೀಪ, ಎಡಕ್ಕೂ ದೀಪ, ಬೀದಿ ನೋಡಿದರೆ ದೀಪಾವಳಿ. ಎದುರುಗಂಬದವನೆಂದರೆ ಹೀಗಿರಬೇಕು ಎಂದರು ಜನ. ಎಡಗೂಡಿನಲ್ಲಿ ದೀಪ ಇಡಲು ಈಗ ಯಾರೂ ಹೆದರಬೇಕಾಗಿರಲಿಲ್ಲ. ಎರಡು ಗೂಡಿನ ಬೆಳಕೂ ಒಂದೇ ಮನೆಗೆ ಸೇರುತ್ತಿತ್ತು.

ರೈತ ಅದನ್ನೂ ನೋಡಿದ. ನೋಡಬಾರದು ಎಂದುಕೊಂಡೇ ನೋಡಿದ. ಅಂದಿನಿಂದ ಅವನು ಹೊಲಕ್ಕೆ ಹೋಗುವಾಗ ಚಾವಡಿಯ ಮುಂದಿನ ದಾರಿ ಬಿಟ್ಟು ಕೆರೆಯ ಏರಿಯ ಮೇಲೆ ಸುತ್ತಿ ಹೋಗತೊಡಗಿದ. ಹೆಂಡತಿ ಕೇಳಲಿಲ್ಲ. ಕೇಳಿದ್ದರೆ ಅವನು ಅತ್ತುಬಿಡುತ್ತಿದ್ದ ಎಂದು ಅವಳಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಅವನು ಹಿತ್ತಲಲ್ಲಿ ಎತ್ತು ತೊಳೆಯುತ್ತಿದ್ದ. ಬೇಲಿಯ ಸಂದಿಯಿಂದ ಕುಂಬಾರಗಿತ್ತಿ ಬಂದಳು.

ಅವಳ ವಿಷಯ ಹೇಳುತ್ತೇನೆ. ಊರ ಹೊರಗೆ ಜೇಡಿಮಣ್ಣಿನ ಗುಂಡಿ ಇತ್ತು. ಕುಂಬಾರರ ಕೇರಿಯಿಂದ ಅಲ್ಲಿಗೆ ಒಂದು ಕಾಲುದಾರಿ. ಅವಳೂ, ಅವಳ ಅತ್ತೆಯೂ, ಅತ್ತೆಯ ಅತ್ತೆಯೂ ಅದೇ ದಾರಿಯಲ್ಲಿ ಮಣ್ಣು ಹೊತ್ತವರು. ಯಜಮಾನ ಆ ದಾರಿಯ ಜಾಗಕ್ಕೆ ಬೇಲಿ ಹಾಕಿ ದೇವರಿಗೆ ಹೂದೋಟ ಮಾಡಿಸಲು ಹೊರಟಿದ್ದ. ದೇವರ ಹೂವು ಎಂದರೆ ಯಾರು ಬೇಡವೆನ್ನುತ್ತಾರೆ? ದಾರಿ ಮುಚ್ಚಿದರೆ ಕುಂಬಾರರು ಮಣ್ಣು ತರಲು ಗುಡ್ಡ ಸುತ್ತಬೇಕು. ತಲೆಯ ಮೇಲೆ ಹಸಿಮಣ್ಣು ಹೊತ್ತು ಗುಡ್ಡ ಸುತ್ತುವುದು ದಿನಾ ಆಗುವ ಕೆಲಸವಲ್ಲ. ಅವಳ ಗಂಡನಿಗೆ ಸೊಂಟ ಬಿದ್ದಿತ್ತು. ಮಣ್ಣು ಹೊರುವವಳು ಅವಳೊಬ್ಬಳೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಊರಿನಲ್ಲಿ ಎಲ್ಲರಿಗೂ ಬಾಯಿಪಾಠ. ದೊಣ್ಣೆ ತಮ್ಮ ಕೈಯಲ್ಲೇ ಇದೆ ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಅಮಾವಾಸ್ಯೆಗೆ ಊರೆಲ್ಲ ಹಚ್ಚುವ ಹಣತೆಯೂ ಆ ಗುಂಡಿಯ ಮಣ್ಣಿನದೇ. ಅದೂ ಹೊಳೆದಿರಲಿಲ್ಲ.

"ಅಣ್ಣಯ್ಯ, ಬೇಲಿಗೆ ಮುಳ್ಳು ಕಡಿದು ತಂದು ಹಾಕವ್ರೆ. ನಾಳೆ ಚಾವಡೀಲಿ ಅಪ್ಪಣೆ. ನೀವು ಬಂದು ಒಂದು ಮಾತು ಕೇಳಿ," ಎಂದಳು ಕುಂಬಾರಗಿತ್ತಿ.

ಅವನು ಎತ್ತಿನ ಮೈ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಈಗ ಕೇಳೋರು ಬೇರೆಯವರು ಇದ್ದಾರಲ್ಲಮ್ಮ. ಅವರ ಹಿತ್ತಲಿಗೆ ಹೋಗು."

"ಅವರ ಹಿತ್ತಲು ಯಜಮಾನ್ರ ಹಿತ್ತಲಿಗೆ ಅಂಟಿಕೊಂಡೈತಲ್ಲಣ್ಣ."

ಅವನಿಗೆ ಒಳಗೆ ಇದ್ದದ್ದು ಹೊರಗೆ ಬಂತು. "ನಿಮ್ಮ ಕೇರೀಲಿ ಒಂದು ಗೂಡಲ್ಲಾದ್ರೂ ನನಗೆ ದೀಪ ಇಟ್ಟಿದ್ರಾ? ನಾನು ಸಾಲು ಹಿಡಿದು ನೋಡಿಕೊಂಡು ಬಂದೆ. ಒಂದಾದ್ರೂ ಇತ್ತಾ?"

ಅವಳು ತಲೆ ತಗ್ಗಿಸಿದಳು. "ಇಡಲಿಲ್ಲ ಅಣ್ಣಯ್ಯ. ಸುಳ್ಳು ಹೇಳಲ್ಲ. ಮಡಕೆ ಸುಡೋ ನಮ್ಮ ಆವಿಗೆಗೆ ಸೌದೆ ಅವರ ಅಪ್ಪಣೆ ಇಲ್ಲದೆ ಬರಲ್ಲ. ದೀಪ ಬೀದಿಗೆ ಕಾಣ್ತದೆ."

"ನಿಮಗೆ ಬೇಡದಿದ್ರೆ ನಾನ್ಯಾಕೆ ಅಲ್ಲಿ ಕೂತಿರಬೇಕು?"

"ಬೇಡ ಅಂತ ಯಾರಂದ್ರು?" ಎಂದಳು ಅವಳು. "ನೀವು ಅಲ್ಲಿ ಕೂತಿದ್ದೀರಿ ಅಂತ ನಾವು ಇಲ್ಲಿ ಕಣ್ತುಂಬ ನಿದ್ದೆ ಮಾಡ್ತಿದ್ವಿ. ಕಷ್ಟ ಬಂದಾಗೆಲ್ಲ ಈ ಬೇಲಿ ದಾಟಿ ಬಂದಿದ್ದೀನಿ. ಅದು ಲೆಕ್ಕಕ್ಕೆ ಬರಲ್ವಾ ಅಣ್ಣಯ್ಯ?"

ಅವನ ಕೈ ಎತ್ತಿನ ಬೆನ್ನ ಮೇಲೆ ನಿಂತಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅವನೂ ನೂರು ಸಲ ಆಡಿದ್ದ. ಊರು ತನ್ನನ್ನು ಹಾಗೆ ಕಂಡಿತು ಎಂದು ಕೊರಗಿದ್ದ. ತಾನೂ ತನ್ನ ಹಿತ್ತಲಿಗೆ ಬಂದವರನ್ನು ಹಾಗೆಯೇ ಕಂಡಿದ್ದೆ ಎಂದು ಆಗ ಅನ್ನಿಸಿತು. ಬೀದಿಯ ದೀಪಗಳನ್ನು ಅವನು ಎಣಿಸಿದ್ದ. ಬೇಲಿಯ ಆ ಸಂದಿ ಅಷ್ಟು ಅಗಲವಾಗುವಷ್ಟು ಜನ ದಾಟಿ ಬಂದಿದ್ದಾರೆ ಎಂಬುದನ್ನು ದಿನವೂ ನೋಡುತ್ತಿದ್ದರೂ ನೋಡಿರಲಿಲ್ಲ.

ಅವಳ ಮೇಲೆ ಅವನಿಗಿದ್ದ ಸಿಟ್ಟು ಪೂರ್ತಿ ಹೋಯಿತು ಎಂದು ನಾನು ಹೇಳುವುದಿಲ್ಲ. ಒಂದು ದೀಪ ಇಟ್ಟಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳ ತಲೆ ಕಂಡಿತು. ಮಣ್ಣು ಹೊತ್ತು ಹೊತ್ತು ನಡುನೆತ್ತಿಯಲ್ಲಿ ಕೂದಲು ಉದುರಿಹೋಗಿತ್ತು. ಅವನು ಮಾತು ನುಂಗಿಕೊಂಡ. ಜನರನ್ನು ಬೈಯುವುದು ಸುಲಭ, ಮರಿದೇವ. ಬೇಸಾಯದವನಿಗೆ ಹೊಲವಾದರೂ ಇರುತ್ತದೆ. ಸೌದೆಯನ್ನೂ ಕೇಳಿ ತರಬೇಕಾದವರು ದೀಪವನ್ನು ಎಲ್ಲಿ ಇಡಬೇಕೆಂದು ಎರಡು ಸಲ ಯೋಚಿಸುತ್ತಾರೆ.

"ನಾಳೆ ನಾನು ಹೋದರೆ ನೀನು ಚಾವಡಿಗೆ ಬಂದು ಹೌದು ಅಂತೀಯಾ?" ಎಂದು ಕೇಳಿದ.

ಕುಂಬಾರಗಿತ್ತಿ ಬೇಲಿಯ ಕಡೆ ನೋಡಿದಳು. "ಹಿಂದೆ ನಿಂತಿರ್ತೀನಿ ಅಣ್ಣಯ್ಯ," ಎಂದಳು. ಬೇಲಿ ದಾಟಿ ಹೋದಳು.

ಮರುದಿನ ಹೆಂಡತಿ ಕೇಳದೆಯೇ ಒಗೆದ ವಸ್ತ್ರ ತಂದು ಅವನ ಹೆಗಲಿಗೆ ಹಾಕಿದಳು. "ನಗ್ತಾರೆ," ಎಂದ ಅವನು. "ನಗಲಿ. ಹೋಗಿ ಬನ್ನಿ," ಎಂದಳು ಅವಳು.

ನಕ್ಕರು. ದೀಪ ಇಲ್ಲದವನು ಬಂದ ಎಂದು ಒಬ್ಬ ಅಂದ. ಬತ್ತಿಯಾದರೂ ತಂದಿದ್ದಾನೋ ನೋಡಿ ಎಂದು ಇನ್ನೊಬ್ಬ ಅಂದ. ಅಷ್ಟು ಜನರ ನಗುವಿನ ನಡುವೆ ನಡೆದು ಹೋಗುವುದು ಯಾರಿಗೂ ಸುಲಭವಲ್ಲ. ಅವನು ಎದುರುಗಂಬದ ಮುಂದೆ ನಿಂತು ಷಡ್ಡಕನಿಗೆ, "ಸ್ವಲ್ಪ ಜರುಗಪ್ಪ. ಇದು ನನ್ನ ಕಂಬ," ಎಂದ. ಕಟ್ಟಳೆ ಕಟ್ಟಳೆಯೇ. ಷಡ್ಡಕ ದಿಂಬು ಎತ್ತಿಕೊಂಡು ಎದ್ದ. ರೈತ ಕಲ್ಲಿಗೆ ಬೆನ್ನು ಕೊಟ್ಟು ಕುಳಿತ.

ಯಜಮಾನ ಅಪ್ಪಣೆ ಹೇಳಿದ. ಗುಂಡಿಯ ದಾರಿಗೆ ಬೇಲಿ, ಬೇಲಿಯ ಒಳಗೆ ದೇವರ ಹೂದೋಟ. ಜನ ಚಪ್ಪಾಳೆ ತಟ್ಟಿದರು. ಡಂಗುರದವನು ಕೋಲು ಕೈಗೆ ತೆಗೆದುಕೊಂಡ.

ರೈತ ಕೇಳಿದ. ನಗುತ್ತ ಕೇಳಲಿಲ್ಲ, ಗುಡುಗಲೂ ಇಲ್ಲ. ಮೊದಲು ಕೇಳುತ್ತಿದ್ದ ದನಿಯಲ್ಲೇ ಕೇಳಿದ. "ಇದರಿಂದ ನೋಯುವವರು ಯಾರು?"

"ಯಾರೂ ಇಲ್ಲಪ್ಪ. ದೇವರ ಕೆಲಸ," ಎಂದ ಯಜಮಾನ.

"ಯಾರೂ ಇಲ್ಲ ಅನ್ನೋದು ಉತ್ತರ ಅಲ್ಲ ಯಜಮಾನರೇ. ಆ ದಾರೀಲಿ ದಿನಾ ಯಾರು ನಡೀತಾರೆ, ಏನು ಹೊತ್ತುಕೊಂಡು ನಡೀತಾರೆ, ಹೇಳಿ."

ಚಾವಡಿಯಲ್ಲಿ ನಗು ನಿಂತಿತು. ಯಜಮಾನ ಬಾಯಿ ತೆರೆದವನು ಹಾಗೆಯೇ ಜನರ ಕಡೆ ನೋಡಿದ. ಡಂಗುರದವನ ಕೋಲು ಕೈಯಲ್ಲೇ ಇತ್ತು. ಗುಂಪಿನ ಹಿಂದೆ, ಸೆರಗು ಮುಖಕ್ಕೆ ಎಳೆದುಕೊಂಡು ಒಬ್ಬ ಹೆಂಗಸು ನಿಂತಿದ್ದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪಕ್ಕದ ತಂಬಿಗೆ ಎತ್ತಿ ನೀರು ಕುಡಿದರು.

ಮರಿದೇವ ಕಾದ. ಅವನ ಮುಖದಲ್ಲಿ ಬರುವಾಗ ಇದ್ದ ಕಪ್ಪು ಇಳಿದಿತ್ತು. ಮರುದಿನದ ಸಭೆಯನ್ನು ಎದುರಿಸಬಲ್ಲೆ ಎಂಬ ಧೈರ್ಯ ಬಂದಂತೆ ಕಂಡಿತು. ಅವನು ಮುಂದಕ್ಕೆ ಬಾಗಿ ಕೇಳಿದ:

"ಗುರುಗಳೇ, ಆಮೇಲಿನ ಅಮಾವಾಸ್ಯೆಗೆ ಅವನಿಗೆ ಎಷ್ಟು ದೀಪ ಬಂದವು?"

ಗುರುಗಳು ತಂಬಿಗೆಯನ್ನು ಕೆಳಗಿಟ್ಟು ಅವನನ್ನು ಅಕ್ಕರೆಯಿಂದ ನೋಡಿದರು.

"ಕುಂಬಾರಗಿತ್ತಿಗೆ ದಾರಿ ಉಳಿಯಿತೇ ಎಂದು ಕೇಳುತ್ತೀಯ ಅಂದುಕೊಂಡಿದ್ದೆ, ಮರಿದೇವ."